ತಂತಿ ಏರಿದ ಹಸೆಮಣೆ

ಮೊನ್ನೆ ಕಡೂರಿನ ಬಸ್ ನಿಲ್ದಾಣದ ಹತ್ತಿರ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದೆ. ತೊಡೆಯ ಮೇಲೆ ಬೆಡ್‌ಶೀಟಿನಲ್ಲಿ ಸುತ್ತಿದ ಉದ್ದನೆಯ ಮಣೆ, ಕಾಲ ಬುಡದಲ್ಲಿ ತುಕ್ಕು ಹಿಡಿದ ಎಣ್ಣೆ ಡಬ್ಬ. ಅಂಗಡಿಯವನು ಯಾರದೋ ಫೋನಿನ ಹೊಟ್ಟೆ ಬಗೆದು ಬೆಸುಗೆ ಹಾಕುತ್ತಿದ್ದ. ಕಾದ ಕಡ್ಡಿಯ ತುದಿ ರಾಳಕ್ಕೆ ತಾಗಿದ್ದೇ ತಡ, ಒಂದು ಎಳೆ ಬಿಳಿ ಹೊಗೆ ಎದ್ದು ನೇರ ನನ್ನ ಮೂಗಿಗೆ ಬಂತು. ಧೂಪದ ವಾಸನೆಗೂ ಸುಟ್ಟ ವೈರಿನ ವಾಸನೆಗೂ ನಡುವಿನದು ಅದು. ನನ್ನ ಕಣ್ಣಲ್ಲಿ ನೀರು ಕಂಡು ಅವನು ಹೊಗೆಯೇ ಕಾರಣ ಅಂದುಕೊಂಡ, ಫ್ಯಾನನ್ನು ನನ್ನ ಕಡೆ ತಿರುಗಿಸಿದ. ಅಂದುಕೊಳ್ಳಲಿ ಎಂದು ಸುಮ್ಮನಿದ್ದೆ.

ನನಗೆ ಅದು ಹಾಡಿನ ಟೀಚರ ವಾಸನೆ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ತರೀಕೆರೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಸೇರಿದೆ. ಹಿರೇನಲ್ಲೂರಿನಿಂದ ಟ್ರಂಕು ಹೊತ್ತು ಬಂದ ನನಗೆ ಇರಲು ಸಿಕ್ಕಿದ್ದು ಅವರ ಬಾಡಿಗೆ ಮನೆಯ ಮುಂದಿನ ಕೋಣೆ. ಹಿಂದಿನ ಕೋಣೆಯಲ್ಲಿ ಅವರು ಮತ್ತು ಅವರ ಹಾರ್ಮೋನಿಯಂ. ಅಡುಗೆಮನೆ ಇಬ್ಬರದೂ. ಅಜ್ಜಂಪುರದವರು, ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಯಾಕಾಗಲಿಲ್ಲ ಎಂದು ಕೇಳಿದ ಒಬ್ಬೊಬ್ಬರಿಗೂ ಒಂದೊಂದು ಕಾರಣ ಹೇಳುತ್ತಿದ್ದರು. ಕೇಳಿದವರೆಲ್ಲ ಯಾವತ್ತಾದರೂ ಒಂದು ಕಡೆ ಸೇರಿ, ನಿಜ ಯಾವುದು ಎಂದು ಕಿತ್ತಾಡಲಿ ಎಂಬುದು ಅವರ ಆಸೆ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ.

ಅಕ್ಕನದು ಗಟ್ಟಿ ದನಿ. ಬೆಳಗಿನ ಪ್ರಾರ್ಥನೆಗೆ ಮೈಕು ಬೇಕಿರಲಿಲ್ಲ. ಶಾಲೆಯ ಅಂಗಳದಲ್ಲಿ ಅವರು ಮೊದಲ ಸಾಲು ಎತ್ತಿಕೊಟ್ಟರೆಂದರೆ, ಇನ್ನೂ ರಸ್ತೆಯ ತಿರುವಿನಲ್ಲಿ ಹರಟುತ್ತ ಬರುತ್ತಿದ್ದ ಹುಡುಗಿಯರು ಲಂಗ ಎತ್ತಿಕೊಂಡು ಓಡಲು ಶುರುಮಾಡುತ್ತಿದ್ದರು. ನಾನು ಸೇರಿದ ಮರುವರ್ಷ ಅವರ ಗಂಟಲಲ್ಲಿ ಗಡ್ಡೆ ಬೆಳೆಯಿತು. ತೆಗೆದರೆ ದನಿ ಹೋದರೂ ಹೋಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಗಡ್ಡೆಯೂ ಹೋಯಿತು, ದನಿಯೂ ಹೋಯಿತು. ಉಳಿದದ್ದು ಪಿಸುಮಾತು ಮಾತ್ರ…

ಒಂದು ವಿಚಿತ್ರ ನೋಡಿ. ಅವರು ಪಿಸುಗುಟ್ಟಿದರೆ ಎದುರಿನವರೂ ಪಿಸುಗುಟ್ಟುತ್ತಿದ್ದರು. ತರಕಾರಿಯವಳು ಬದನೆಕಾಯಿಯ ಬೆಲೆಯನ್ನು ಗುಟ್ಟಿನಂತೆ ಅವರ ಕಿವಿಯಲ್ಲಿ ಹೇಳುತ್ತಿದ್ದಳು. ಹುಡುಗಿಯರಂತೂ ಹಾಡಿನ ಪೀರಿಯಡ್ಡಿನಲ್ಲಿ ಒಬ್ಬರಿಗೊಬ್ಬರು ಬೈಯುವುದನ್ನೂ ಪಿಸುಮಾತಿನಲ್ಲೇ ಮಾಡುತ್ತಿದ್ದರು. ಇದಕ್ಕೆ ಹೊರತಾಗಿದ್ದವರು ಒಬ್ಬರೇ, ನಮ್ಮ ಶಾಲೆಯ ಆಡಳಿತ ಮಂಡಳಿಯ ಕಾರ್ಯದರ್ಶಿಗಳು. ಕೊಬ್ಬರಿ ಮಂಡಿಯ ಸಾಹುಕಾರರು. ಮಾತು ನಿಂತವರಿಗೆ ಕಿವಿಯೂ ಕೇಳಿಸುವುದಿಲ್ಲ ಎಂದು ಅವರಿಗೆ ಯಾರು ಹೇಳಿದ್ದರೋ, ಅಕ್ಕನ ಜೊತೆ ಮಾತಾಡುವಾಗ ಮಂಡಿಯಲ್ಲಿ ಹಮಾಲಿಗಳನ್ನು ಕೂಗುವ ಹಾಗೆ ಕೂಗುತ್ತಿದ್ದರು.

ಆ ಕೂಗಿನಲ್ಲೇ ಒಂದು ದಿನ ಸ್ಟಾಫ್ ರೂಮಿಗೆ ಬಂದು ತೀರ್ಮಾನ ಹೇಳಿದರು. ದನಿ ಇಲ್ಲದ ಹಾಡಿನ ಟೀಚರನ್ನು ಇಟ್ಟುಕೊಂಡರೆ ಊರವರು ನಗುತ್ತಾರೆ. ವಾರ್ಷಿಕೋತ್ಸವದ ಸಂಜೆ ಇವರು ಪ್ರಾರ್ಥನೆ ಎತ್ತಿಕೊಡಲಿ. ಆಗದಿದ್ದರೆ ತಾವಾಗಿಯೇ ಕೆಲಸ ಬಿಟ್ಟರೆ ಮರ್ಯಾದೆ. ಬದಲಿಗೆ ಯಾರು ಎನ್ನುವ ಚಿಂತೆ ಬೇಡ, ತಮ್ಮ ಸೊಸೆಗೆ ಸಂಗೀತ ಬರುತ್ತದೆ. ಇಷ್ಟು ಹೇಳಿ ಉತ್ತರಕ್ಕೆ ನಿಂತರು. ಅಕ್ಕ ಏನೋ ಅಂದರು. ಕಾರ್ಯದರ್ಶಿಗಳಿಗೆ ಕೇಳಿಸಲಿಲ್ಲ, ನನ್ನ ಮುಖ ನೋಡಿದರು. ನನಗೂ ಸಿಟ್ಟು ನೆತ್ತಿಗೇರಿತ್ತು. ಸ್ಟಾಫ್ ರೂಮಿನ ಹೆಂಚು ಹಾರುವಂತೆ ಹೇಳಿದೆ:

“ಎತ್ತಿಕೊಡ್ತಾರಂತೆ ಸಾರ್!”

ಮನೆಗೆ ಬಂದ ಮೇಲೆ ಹೆದರಿಕೆ ಶುರುವಾಯಿತು, ನನಗೆ. ಅಕ್ಕ ಮಾತ್ರ ಹುರುಳಿಕಾಳು ಆರಿಸುತ್ತ ಕೂತಿದ್ದರು. ಹೇಗೆ ಎತ್ತಿಕೊಡುತ್ತೀರಿ ಎಂದು ಕೇಳಿದರೆ ತಲೆ ಎತ್ತದೆ ಅಂದರು: “ಎತ್ತಿಕೊಡ್ಬೇಕು ಅಂದ್ರು ಕಣೇ. ಬಾಯಲ್ಲೇ ಅನ್ಲಿಲ್ಲ.”

ಹಾರ್ಮೋನಿಯಂ ಇತ್ತಲ್ಲ ಎನ್ನಬಹುದು. ನಾನೂ ಅದನ್ನೇ ಅಂದೆ. ನಮ್ಮ ಪ್ರಾರ್ಥನೆಯ ಮೊದಲ ಸಾಲು ಕೆಳಗಿನ ಸ್ವರದಿಂದ ಮೇಲಕ್ಕೆ ಜಾರಿಕೊಂಡು ಹೋಗುತ್ತಿತ್ತು, ಹುಡುಗಿಯರು ಆ ಜಾರನ್ನು ಹಿಡಿದೇ ಒಳಗೆ ಬರುತ್ತಿದ್ದರು. ಹಾರ್ಮೋನಿಯಂನಲ್ಲಿ ಜಾರು ಬರುವುದಿಲ್ಲ, ಒಂದೊಂದು ಸ್ವರವೂ ತನ್ನ ಪಾಡಿಗೆ ತಾನು ನಿಲ್ಲುತ್ತದೆ. ಅಕ್ಕನಿಗೆ ಬೇಕಾದದ್ದು ತಮ್ಮ ದನಿಯಂತೆ ಜಾರುವ ವಾದ್ಯ. ಅಂಥದ್ದೊಂದು ಅವರಿಗೆ ಗೊತ್ತಿತ್ತು. ಚಿಕ್ಕವರಿದ್ದಾಗ ಅಜ್ಜಂಪುರದ ರೈಲ್ವೆ ಕ್ವಾರ್ಟರ್ಸಿನಲ್ಲಿ ಸ್ಟೇಷನ್ ಮಾಸ್ತರರ ಹೆಂಡತಿ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುತ್ತಿದ್ದರಂತೆ. ಇವರಿಗೂ ಅಷ್ಟಿಷ್ಟು ಹೇಳಿಕೊಟ್ಟಿದ್ದರು. ಹಾಗೆ ಮಲಗಿಸಿ ನುಡಿಸುವ ಗಿಟಾರಿಗೆ ಹೊಟ್ಟೆಯೇ ಬೇಡ, ಗಟ್ಟಿ ಹಲಗೆ, ತಂತಿ, ತಂತಿಯ ಅದುರು ಹಿಡಿಯಲು ಕೆಳಗೊಂದು ತಾಮ್ರ ಸುತ್ತಿದ ಅಯಸ್ಕಾಂತ ಇದ್ದರೆ ಸಾಕು ಎಂದು ನಾನು ಓದಿದ್ದನ್ನು ಹೇಳಿದೆ. ಹಲಗೆ ತಾನೇ, ಇದೆ ಬಿಡು ಅಂದರು.

ಆ ಭಾನುವಾರ ಅಜ್ಜಂಪುರಕ್ಕೆ ಹೋಗಿ ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ತಂದದ್ದು ಒಂದು ಹಸೆಮಣೆಯನ್ನು. ಹಲಸಿನ ಮರದ್ದು. ಗಂಡು ಹೆಣ್ಣು ಇಬ್ಬರೂ ಕೂರುವಷ್ಟು ಉದ್ದ, ಅಂಚಿಗೆ ಕೆಂಪು ಬಣ್ಣ, ನಡುವೆ ಕೊರೆದ ಬಳ್ಳಿ. ಮಗಳ ಮದುವೆಗೆಂದು ಅವರಪ್ಪ ಮುಂಚೆಯೇ ಮಾಡಿಸಿ ಅಟ್ಟದಲ್ಲಿ ಇಟ್ಟಿದ್ದು. ಅಪ್ಪ ತೀರಿಕೊಂಡರು, ಮಣೆ ಅಟ್ಟದಲ್ಲೇ ಉಳಿಯಿತು.

ಬಡಗಿ ಮಣೆಯನ್ನು ನೋಡಿ ಉಳಿ ಕೆಳಗಿಟ್ಟ. ಹಸೆಮಣೆಗೆ ತೂತು ಹಾಕುವುದು ತನ್ನ ಕೈಯಲ್ಲಿ ಆಗುವುದಿಲ್ಲ, ಬೇಕಾದರೆ ಬೇರೆ ಹಲಗೆ ತಾನೇ ಕೊಡುತ್ತೇನೆ ಅಂದ. ಅವನ ಹೆಂಡತಿಯೂ ಹೊರಗೆ ಬಂದು, ಮಕ್ಕಳಿರುವ ಮನೆ, ನಮಗೆ ಈ ಪಾಪ ಬೇಡ ಅಂದಳು. ಅಕ್ಕ ವಾದಕ್ಕೆ ಇಳಿಯಲಿಲ್ಲ. ಬೈರಿಗೆ ಎತ್ತಿಕೊಂಡು, ಅವನ ಜಗಲಿಯ ಮೇಲೆ ಮಣೆ ಮಲಗಿಸಿ, ಮಂಡಿಯೂರಿ ಕೂತು ತಾವೇ ಕೊರೆಯಲು ಶುರುಮಾಡಿದರು. ಹಲಸಿನ ಹಳದಿ ಪುಡಿ ಸೀರೆಯ ಮೇಲೆಲ್ಲ ಉದುರುತ್ತಿತ್ತು. ಬಡಗಿ ನೋಡುವಷ್ಟು ನೋಡಿದ, ಆಮೇಲೆ ತಡೆಯಲಾರದೆ ಇದೇನು ಟೀಚರೇ ಎಂದು ಕೇಳಿದ. ಅಕ್ಕ ಕೈ ನಿಲ್ಲಿಸಿದರು.

“ನಾನಂತೂ ಏರ್ಲಿಲ್ಲ. ತಂತಿನಾದ್ರೂ ಏರ್ಲಿ ಬಿಡಪ್ಪ.”

ಅವನು ಬೈರಿಗೆಯನ್ನು ಅವರ ಕೈಯಿಂದ ಇಸಿದುಕೊಂಡ. ಉಳಿದ ತೂತುಗಳನ್ನು ಅವನೇ ಹಾಕಿಕೊಟ್ಟ, ವೀಣೆಗೆ ಇರುವಂಥ ಬಿರಡೆಗಳನ್ನು ಮಾಡಿ ಕೂರಿಸಿದ. ತಂತಿ ಶಿವಮೊಗ್ಗದಿಂದ ಬಂತು. ಜಾರಿಸಲು ಉಕ್ಕಿನ ತುಂಡು ಎಲ್ಲಿ ಎಂದು ನಾನು ಯೋಚಿಸುತ್ತಿದ್ದರೆ, ಅಕ್ಕ ತಮ್ಮ ಅಜ್ಜಿ ಎಲೆ ಅಡಿಕೆ ಕುಟ್ಟುತ್ತಿದ್ದ ಕುಟ್ಟಾಣಿಯ ಕೋಲನ್ನು ಪೆಟ್ಟಿಗೆಯಿಂದ ತೆಗೆದರು. ತಲೆಮಾರಿನ ಅಡಿಕೆ ಕುಟ್ಟಿ ಕುಟ್ಟಿ ಅದು ಕನ್ನಡಿಯ ಹಾಗೆ ನಯವಾಗಿತ್ತು.

ಅಯಸ್ಕಾಂತ ನಮ್ಮ ಶಾಲೆಯ ಪ್ರಯೋಗಶಾಲೆಯದು. ಕಳ್ಳತನ ಅನ್ನುವವರು ಅನ್ನಲಿ, ಆ ಕಪಾಟಿನಲ್ಲಿ ಅದಕ್ಕೆ ಧೂಳು ಹಿಡಿಯುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟಾರಿನಿಂದ ಬಿಚ್ಚಿದ ಕೂದಲೆಳೆಯಂಥ ತಾಮ್ರದ ತಂತಿಯನ್ನು ವೈಂಡಿಂಗ್ ಅಂಗಡಿಯಿಂದ ಕೇಳಿ ತಂದೆವು. ಬೇಳೆ ಬೇಯುವ ಹೊತ್ತಿನಲ್ಲಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅದನ್ನು ಅಯಸ್ಕಾಂತಕ್ಕೆ ಸುತ್ತುವುದೇ ಕೆಲಸ. ಎಷ್ಟೋ ಸಲ ತುಂಡಾಯಿತು, ಎಷ್ಟೋ ಸಲ ಬೇಳೆ ಸೀದುಹೋಯಿತು. ಬೆಸುಗೆ ಹಾಕಲು ಹೋಗಿ ಇಬ್ಬರೂ ಬೆರಳು ಸುಟ್ಟುಕೊಂಡೆವು. ಆ ರಾಳದ ಹೊಗೆ ನಮ್ಮ ಸೀರೆಗೆ, ಸಾರಿಗೆ, ದೇವರ ಪಟಕ್ಕೆ ಎಲ್ಲಕ್ಕೂ ಹತ್ತಿತ್ತು.

ಮನೆಯ ಯಜಮಾನಿ ಮಾತ್ರ ಎರಡು ಹೊತ್ತೂ ಗೊಣಗುತ್ತಿದ್ದರು, ಹಸೆಮಣೆಯ ಮೈಗೆ ತೂತು ಹಾಕಿದ ಮನೆ ಉದ್ಧಾರವಾಗುವುದಿಲ್ಲ ಎಂದು. ಅಜ್ಜಂಪುರದಿಂದ ಅಕ್ಕನ ಅಣ್ಣ ಬಂದು ಅಂಗಳದಲ್ಲೇ ನಿಂತು ಬೈದು ಹೋದ. ಅಕ್ಕ ಯಾರಿಗೂ ಸೊಪ್ಪು ಹಾಕಲಿಲ್ಲ.

ತಂತಿ ಬಿಗಿದದ್ದಾಯಿತು. ಮೀಟಿದರೆ ಸೊಳ್ಳೆ ಗುಯ್ಗುಟ್ಟಿದಷ್ಟು ಸದ್ದು. ಹೊಟ್ಟೆ ಇಲ್ಲದ ಹಲಗೆ ಅಲ್ಲವೇ, ಪವರ್ ಆಂಪ್ಲಿಫೈಯರ್ ಒಂದಿಲ್ಲದಿದ್ದರೆ ಅದು ಬರೀ ಮಣೆ. ವಾರ್ಷಿಕೋತ್ಸವ ಹತ್ತಿರ ಬರುತ್ತಿತ್ತು. ಒಂದು ಪುಟ್ಟ ಆಂಪ್ಲಿಫೈಯರು, ನಮ್ಮಂಥವರ ಕೈಗೆ ಎಟುಕುವಂಥದ್ದು, ಎಲ್ಲಿ ಸಿಗುತ್ತದೆ ಎಂದು ನಾವಿಬ್ಬರೂ ಹುಡುಕಲು ಹೊರಟೆವು.

ತರೀಕೆರೆಯ ರೇಡಿಯೋ ಅಂಗಡಿಯವನು ತೋರಿಸಿದ್ದು ನನ್ನ ಟ್ರಂಕಿನಷ್ಟು ದೊಡ್ಡದಾದ ವಾಲ್ವಿನ ಆಂಪ್ಲಿಫೈಯರನ್ನು. ಅದನ್ನು ಕೊಳ್ಳುವ ಶಕ್ತಿ ಇದ್ದಿದ್ದರೆ ನಾವು ಶಾಲೆಯನ್ನೇ ಕೊಂಡು ಕಾರ್ಯದರ್ಶಿಗಳನ್ನು ಮನೆಗೆ ಕಳಿಸಬಹುದಿತ್ತು. ಮೈಕ್ ಸೆಟ್ಟಿನವನನ್ನು ಕೇಳಿದೆವು, ಆ ಸಂಜೆಗೆ ಹೇಗೂ ನಿನ್ನದೇ ಸೆಟ್ಟು ಬರುತ್ತದಲ್ಲ, ಅದಕ್ಕೇ ನಮ್ಮ ವೈರು ಸೇರಿಸಿಕೊಡು ಎಂದು. ತನ್ನ ಸೆಟ್ಟಿಗೆ ಮೈಕು ಬಿಟ್ಟು ಬೇರೆ ಏನನ್ನೂ ಚುಚ್ಚಲು ಬಿಡುವುದಿಲ್ಲ ಎಂದು ಅವನು ಮುಖಕ್ಕೆ ಹೊಡೆದ ಹಾಗೆ ಹೇಳಿದ. ಅದರಲ್ಲೂ ಹಸೆಮಣೆಯನ್ನಂತೂ ಇಲ್ಲವೇ ಇಲ್ಲ. ಸುದ್ದಿ ಅವನಿಗೂ ಮುಟ್ಟಿತ್ತು.

ಕಡೂರಿಗೆ ಹೋದೆವು. ಅಲ್ಲಿ ಮಂಡಿಗಳ ಸಾಲಿನ ಎದುರು ಒಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಗಿಟಾರಿಗೆ ಒಂದು ಸಣ್ಣ ಆಂಪ್ಲಿಫೈಯರ್ ಬೇಕಿತ್ತು ಎಂದು ಅಕ್ಕ ಪಿಸುಗುಟ್ಟಿದರು. ಅವನೂ ಪಿಸುಮಾತಿನಲ್ಲೇ, ಬಹಳ ಮರ್ಯಾದೆಯಿಂದ, ಗಿಟುಕು ಇಲ್ಲಿ ಸಿಗುವುದಿಲ್ಲ ಅಮ್ಮ, ಎದುರುಗಡೆ ಮಂಡಿಯಲ್ಲಿ ಕೇಳಿ ಎಂದು ಕೈ ತೋರಿಸಿದ. ನಮ್ಮ ಕಡೆ ಒಣಕೊಬ್ಬರಿಯ ಹೋಳನ್ನು ಗಿಟುಕು ಎನ್ನುತ್ತಾರೆ. ಅಂಗಡಿಯಲ್ಲಿದ್ದವರೆಲ್ಲ ಘೊಳ್ಳೆಂದು ನಕ್ಕರು. ನಾವು ಬರಿಗೈಯಲ್ಲಿ ತರೀಕೆರೆಗೆ ಬಂದು ಇಳಿಯುವ ಹೊತ್ತಿಗೆ ಕತೆ ನಮಗಿಂತ ಮುಂಚೆ ಬಂದು ಇಳಿದಿತ್ತು. ಮರುದಿನದಿಂದ ಅವರು ಗಿಟುಕು ಟೀಚರು. ನನಗೆ ಮೈ ಉರಿಯಿತು. ಅಕ್ಕ ಕಾಡಿಗೆ ಡಬ್ಬಿ ತೆಗೆದು, ಮಣೆಯ ತುದಿಯಲ್ಲಿ ಅಂದವಾಗಿ ‘ಗಿಟುಕು’ ಎಂದು ಬರೆದು, ಹೆಸರಿಟ್ಟ ಖರ್ಚು ಉಳಿಯಿತು ಅಂದರು.

ಆಂಪ್ಲಿಫೈಯರ್ ಸಿಕ್ಕಿದ್ದು ಅಂಗಡಿಯಲ್ಲಲ್ಲ, ಅಜ್ಜಂಪುರದ ಬಸ್ಸಿನಲ್ಲಿ. ಆಗ ಪ್ರೈವೇಟ್ ಬಸ್ಸುಗಳಲ್ಲಿ ಡ್ರೈವರ ತಲೆಯ ಮೇಲೆ ಟೇಪ್ ರೆಕಾರ್ಡರ್ ಕೂರಿಸುವ ಹುಚ್ಚು ಹೊಸದು. ಆ ದಿನ ನಾವು ಹತ್ತಿದ ಬಸ್ಸಿನಲ್ಲಿ ಹಾಡು ಇರಲಿಲ್ಲ. ಡ್ರೈವರು ಮುಖ ಊದಿಸಿಕೊಂಡು ಓಡಿಸುತ್ತಿದ್ದ. ಅವನ ಕಾಲ ಹತ್ತಿರ ಟೇಪ್ ರೆಕಾರ್ಡರು ಬಿಚ್ಚಿ ಬಿದ್ದಿತ್ತು, ಬಾಯಿಂದ ಕ್ಯಾಸೆಟ್ಟಿನ ಕಂದು ಪಟ್ಟಿ ಕರುಳಿನ ಹಾಗೆ ಜೋತಾಡುತ್ತಿತ್ತು. ಅಕ್ಕ ಅದನ್ನೇ ನೋಡಿದರು, ಆಮೇಲೆ ನನ್ನ ಮೊಣಕೈ ತಿವಿದರು. ನನಗೂ ಹೊಳೆಯಿತು. ಕ್ಯಾಸೆಟ್ಟು ತಿರುಗಿಸುವ ಗಾಲಿಗಳು ಕೆಟ್ಟಿರಬಹುದು, ಸದ್ದು ದೊಡ್ಡದು ಮಾಡುವ ಭಾಗ ಕೆಟ್ಟಿರಲಿಕ್ಕಿಲ್ಲ. ಇಂಜಿನ್ನಿನ ಗದ್ದಲದಲ್ಲಿ ಅಕ್ಕನ ಮಾತು ಅವನಿಗೆ ಕೇಳುವಂತಿರಲಿಲ್ಲ. ನಾನೇ ಬಾನೆಟ್ಟಿನ ಪಕ್ಕ ಬಗ್ಗಿ ನಿಂತು ವಿಷಯವನ್ನೆಲ್ಲ ಹೇಳಿದೆ, ದನಿ ಹೋದದ್ದು, ಮಣೆ, ಕಾರ್ಯದರ್ಶಿಗಳು, ಎಲ್ಲ. ಅವನು ಒಂದು ಹಳ್ಳಿಯ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ, ಆ ಪೆಟ್ಟಿಗೆಯನ್ನು ಎತ್ತಿ ಅಕ್ಕನ ಮಡಿಲಿಗೆ ಹಾಕಿದ.

“ತಗೊಂಡೋಗಿ ಟೀಚರಮ್ಮ. ಇದು ನನ್ ಹಾಡ್ನೆಲ್ಲ ನುಂಗಿ ಕೂತೈತೆ. ನಿಮ್ಮತ್ರ ಆದ್ರೂ ಕಕ್ಲಿ.”

ಬಿಚ್ಚಿ ನೋಡಿದರೆ ನಾವು ಊರೂರು ಹುಡುಕಿದ್ದು ಬೆಂಕಿಪೊಟ್ಟಣದಷ್ಟಿತ್ತು. ಒಂದು ಪುಟ್ಟ ಹಲಗೆ, ಅದರ ನಡುವೆ ಜೇಡನ ಹಾಗೆ ಕಾಲು ಚಾಚಿ ಕೂತ ಕಪ್ಪು ಐಸಿ ಚಿಪ್. ಅದನ್ನು ಖಾಲಿ ಎಣ್ಣೆ ಡಬ್ಬದೊಳಗೆ ಸೇರಿಸಿದೆವು. ಡಬ್ಬದ ಒಂದು ಮಗ್ಗುಲು ಕತ್ತರಿಸಿ ಹಳೇ ರೇಡಿಯೋದ ಸ್ಪೀಕರ್ ಕೂರಿಸಿದೆವು. ಬಸ್ಸಿನ ಬ್ಯಾಟರಿಯ ಬದಲು ಟಾರ್ಚಿನ ಸೆಲ್ಲುಗಳನ್ನು ಸಾಲಾಗಿ ಜೋಡಿಸಿ ಸೀರೆಯ ಅಂಚಿನಿಂದ ಬಿಗಿದು ಕಟ್ಟಿದೆವು. ಸಂಜೆ ಆಗಿತ್ತು. ಮಣೆಯ ವೈರು ಸೇರಿಸಿ ಸ್ವಿಚ್ಚು ಹಾಕಿದೆ. ಡಬ್ಬ ಒಂದು ಸಲ ಕೊರ್ ಎಂದಿತು. ಆಮೇಲೆ ಅದರೊಳಗಿಂದ ಒಬ್ಬ ಗಂಡಸು ಸ್ಪಷ್ಟವಾದ ಕನ್ನಡದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವುದು ಹೇಗೆಂದು ಹೇಳತೊಡಗಿದ.

ನಾನು ಕಿಟಾರನೆ ಕಿರುಚಿದೆ. ಭದ್ರಾವತಿಯ ರೇಡಿಯೋ ಸ್ಟೇಷನ್ ನಮಗೆ ಬಹಳ ಹತ್ತಿರ. ನಮ್ಮ ಉದ್ದನೆಯ ವೈರು, ಮಣೆಯ ತಂತಿಗಳು ಎಲ್ಲ ಸೇರಿ ಆಂಟೆನಾದ ಕೆಲಸ ಮಾಡಿ ಅದನ್ನು ಹಿಡಿದು ಹಾಕಿದ್ದವು. ಎಷ್ಟು ವೈರು ಕತ್ತರಿಸಿದರೂ, ಎಷ್ಟು ಅಲ್ಯೂಮಿನಿಯಂ ಹಾಳೆ ಸುತ್ತಿದರೂ ಆ ಕೃಷಿಯ ಮಹಾಶಯ ಹೋಗಲೊಲ್ಲ. ಕೊನೆಗೆ ಅಕ್ಕ ತಂತಿಗಳ ಮೇಲೆ ಸುಮ್ಮನೆ ಅಂಗೈ ಇಟ್ಟರು. ದನಿ ನಿಂತಿತು. ಕೈ ತೆಗೆದರೆ ಮತ್ತೆ ಕೊಳೆರೋಗ. ಕೈ ಇಟ್ಟರೆ ಮೌನ. ಅಂಗೈಯ ಅಂಚನ್ನು ತಂತಿಯ ತುದಿಗೆ ಹಾಗೇ ತಾಗಿಸಿಟ್ಟುಕೊಂಡು, ಹೆಬ್ಬೆರಳಲ್ಲಿ ಮೀಟಿ, ಇನ್ನೊಂದು ಕೈಯಿಂದ ಕುಟ್ಟಾಣಿ ಕೋಲನ್ನು ತಂತಿಯ ಮೇಲೆ ಮೇಲಕ್ಕೆ ಜಾರಿಸಿದರು…

ಅದು ಅವರ ದನಿಯೇ ಎಂದು ಹೇಳಿದರೆ ಸುಳ್ಳಾಗುತ್ತದೆ. ತಗಡಿನ ಡಬ್ಬದ ಸದ್ದು ಅದು, ಒರಟು, ಅಂಚು ಸೀಳಿದ್ದು. ಆದರೆ ಅವರು ಮೊದಲ ಸಾಲಿನಲ್ಲಿ ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದರೋ ಅಲ್ಲೇ ಅದೂ ನಿಂತಿತು. ಯಜಮಾನಿ ಬಾಗಿಲಲ್ಲಿ ಬಂದು ನಿಂತಿದ್ದರು. ಬೈಯಲಿಲ್ಲ.

ವಾರ್ಷಿಕೋತ್ಸವದ ಹಿಂದಿನ ದಿನ ಅಕ್ಕ ಒಂದು ವಿಚಿತ್ರ ಪ್ರಶ್ನೆ ಕೇಳಿದರು. ರೇಡಿಯೋದಲ್ಲಿ ಮಾರ್ಕೆಟ್ ಧಾರಣೆ ಎಷ್ಟು ಹೊತ್ತಿಗೆ ಬರುತ್ತೆ ಕಣೇ ಎಂದು. ನಾನು ಹೇಳಿದೆ, ಆಮೇಲೆ ಮರೆತೆ.

ಆ ಸಂಜೆ ಶಾಲೆಯ ಅಂಗಳ ತುಂಬಿತ್ತು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಮಂಡಿಯವರು, ತೋಟದವರು, ಕಾರ್ಯದರ್ಶಿಗಳ ನೆಂಟರು. ಪ್ರತಿ ವರ್ಷವೂ ಹಾಗೇ, ಪ್ರಾರ್ಥನೆಯ ಹೊತ್ತಿಗೆ ಅವರ ಮಾತು ತಾರಕಕ್ಕೆ ಏರುತ್ತದೆ, ಹುಡುಗಿಯರ ಹಾಡು ಯಾರಿಗೂ ಬೇಕಿರುವುದಿಲ್ಲ. ವೇದಿಕೆಯ ಒಂದು ಮೂಲೆಯಲ್ಲಿ ಕಾರ್ಯದರ್ಶಿಗಳ ಸೊಸೆ ಹಾರ್ಮೋನಿಯಂ ಮುಂದೆ ರೇಷ್ಮೆ ಸೀರೆಯಲ್ಲಿ ಸಿದ್ಧಳಾಗಿ ಕೂತಿದ್ದಳು. ಇವರ ಕೈಲಾಗದಿದ್ದರೆ ತಕ್ಷಣ ಎತ್ತಿಕೊಳ್ಳಲಿ ಎಂದು. ಹುಡುಗಿಯರು ಸಾಲಾಗಿ ನಿಂತಿದ್ದರು. ಅಕ್ಕ ಹಸೆಮಣೆಯನ್ನು ಎದೆಗವಚಿಕೊಂಡು ನಡೆದು ಬಂದಾಗ ಗಂಡಸರ ಸಾಲಿನಿಂದ ಯಾರೋ, ಗಿಟುಕು ಬಂತು ಕಣ್ರಪ್ಪೋ ಅಂದರು. ನಗು ಎದ್ದಿತು. ಅಕ್ಕ ಕ್ಯಾರೇ ಅನ್ನದೆ ಕೂತು, ಮಣೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ನಾನು ಹುಡುಗಿಯರ ಸಾಲಿನ ಪಕ್ಕದಲ್ಲಿ ನಿಂತಿದ್ದೆ. ಇವತ್ತು ಈ ಡಬ್ಬ ಕೈಕೊಟ್ಟರೆ ನಾಳೆಯಿಂದ ಅವರಿಗೆ ಆ ಅಂಗಳಕ್ಕೆ ಕಾಲಿಡುವ ಹಕ್ಕಿಲ್ಲ.

ಸ್ವಿಚ್ಚು ಹಾಕಿದರು. ತಂತಿಯ ಮೇಲೆ ಕೈ ಇಡಲಿಲ್ಲ. ನಾನು ದೂರದಿಂದಲೇ ಕೈಸನ್ನೆ ಮಾಡಿದೆ, ಕೈ ಇಡಿ, ಕೈ ಇಡಿ ಎಂದು. ಅವರು ನನ್ನ ಕಡೆ ನೋಡಲೇ ಇಲ್ಲ. ಡಬ್ಬದೊಳಗಿಂದ ಭದ್ರಾವತಿಯ ದನಿ ಹೊರಟಿತು: “…ಇಂದಿನ ಮಾರುಕಟ್ಟೆ ಧಾರಣೆ. ಕೊಬ್ಬರಿ, ಉತ್ತಮ ದರ್ಜೆ, ಕ್ವಿಂಟಾಲ್ ಒಂದಕ್ಕೆ…”

ಇಡೀ ಅಂಗಳ ಸ್ತಬ್ಧವಾಯಿತು. ಮಂಡಿಯವರು ಅರ್ಧ ಆಡಿದ ಮಾತನ್ನು ಅಲ್ಲಿಗೇ ಬಿಟ್ಟು ಕುರ್ಚಿಯ ತುದಿಗೆ ಜರುಗಿದರು. ಕಾರ್ಯದರ್ಶಿಗಳು ಕಿವಿಗೆ ಕೈ ಹಚ್ಚಿ ಮುಂದಕ್ಕೆ ಬಾಗಿದರು. ಅಳುತ್ತಿದ್ದ ಒಂದು ಮಗುವಿನ ಬಾಯನ್ನೂ ಅದರ ಅಪ್ಪ ಮುಚ್ಚಿ ಹಿಡಿದ. ಅಷ್ಟು ಮೌನವನ್ನು ಆ ಶಾಲೆ ಅದಕ್ಕೆ ಮುಂಚೆ ಕಂಡಿರಲಿಲ್ಲ. ಅಕ್ಕ ತಂತಿಗಳ ಮೇಲೆ ಅಂಗೈ ಇಟ್ಟರು. ಬೆಲೆ ಬಾಯೊಳಗೇ ಉಳಿಯಿತು. ಅವರೆಲ್ಲ ಹಾಗೇ ಬಾಗಿ, ಕಿವಿ ತೆರೆದು ಕೂತಿದ್ದಾಗ, ಕುಟ್ಟಾಣಿಯ ಕೋಲು ಕೆಳಗಿನ ಸ್ವರದಿಂದ ಮೇಲಕ್ಕೆ 
ಜಾರಿತು.

ಹುಡುಗಿಯರು ಒಂದೇ ಉಸಿರಿನಲ್ಲಿ ಎತ್ತಿಕೊಂಡರು. ಮೈಮೇಲೆ ಮುಳ್ಳೆದ್ದಿತು ನನಗೆ. ಮೈಕಿನವನ ಹಾರ್ನು ಕಂಬದ ಮೇಲೆ ಸುಮ್ಮನೆ ಬಾಯಿ ತೆರೆದುಕೊಂಡಿತ್ತು. ಸೊಸೆ ಹಾರ್ಮೋನಿಯಂನ ತಿದಿಯ ಮೇಲೆ ಕೈ ಇಟ್ಟುಕೊಂಡೇ ಕೂತಳು, ಒತ್ತಲಿಲ್ಲ. ಎರಡನೇ ಸಾಲಿಗೆ ಅವಳೂ ಬಾಯಿ ಬಿಟ್ಟು ಹಾಡುತ್ತಿದ್ದಳು.

ಮನೆಗೆ ಬಂದು, ಬೇಕೆಂದೇ ಹಾಗೆ ಮಾಡಿದಿರಾ ಎಂದು ಕೇಳಿದೆ. ಅಕ್ಕ ಮಣೆಯನ್ನು ಒರೆಸುತ್ತಿದ್ದರು.

“ಅವ್ರಿಗೆ ಕಿವಿ ಎಲ್ಲೈತೆ ಅಂತ ನಂಗೊತ್ತು ಕಣೇ.”

ಇಲ್ಲಿಗೆ ಕತೆ ಮುಗಿದು ಅವರು ಗೆದ್ದರು ಎಂದು ಬರೆಯಲು ನನಗೂ ಆಸೆ. ಮಂಡಳಿಯ ಮೀಟಿಂಗಿನಲ್ಲಿ ಕಾರ್ಯದರ್ಶಿಗಳು ಎತ್ತಿಕೊಟ್ಟದ್ದು ಮಣೆ, ಟೀಚರಲ್ಲ ಅಂದರು. ಕೊಬ್ಬರಿಯ ಬೆಲೆ ಅರ್ಧಕ್ಕೆ ನಿಂತ ಸಿಟ್ಟೂ ಅವರಿಗೆ ಇತ್ತೆಂದು ನನ್ನ ಗುಮಾನಿ. ಆದರೆ ಅಷ್ಟು ಜನ ಕೇಳಿದ ಮೇಲೆ ಪೂರ್ತಿ ಹೊರಗೆ ಹಾಕಲು ಮುಖವಿರಲಿಲ್ಲ. ಜೂನಿನಲ್ಲಿ ಸೊಸೆಯನ್ನು ಹಾಡಿನ ಟೀಚರಾಗಿ ನೇಮಿಸಿ, ಅಕ್ಕನಿಗೆ ಹೊಲಿಗೆಯ ಕ್ಲಾಸು ಕೊಟ್ಟರು. ಸೂಜಿಗೆ ದಾರ ಪೋಣಿಸಲು ದನಿ ಬೇಡವಲ್ಲ ಎಂದು ಕೂಗಿ ಹೇಳಿದರು.

ಅಕ್ಕ ಕೆಲಸ ಬಿಡುತ್ತಾರೆ ಎಂದು ನಾನು ಅಂದುಕೊಂಡೆ. ಬಿಡಲಿಲ್ಲ. ಮೊದಲ ದಿನವೇ ಹಸೆಮಣೆ ಮತ್ತು ಡಬ್ಬದ ಸಮೇತ ಹೊಲಿಗೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಿವೃತ್ತರಾಗುವ ತನಕ ಆ ಕೋಣೆಯಲ್ಲಿ ಹಾಡು ಬಿಟ್ಟು ಬೇರೇನೂ ನಡೆಯಲಿಲ್ಲ. ನಮ್ಮ ಶಾಲೆಯಲ್ಲಿ ಓದಿದ ಆ ಕಾಲದ ಯಾವ ಹುಡುಗಿಗೂ ಒಂದು ಗುಂಡಿ ನೆಟ್ಟಗೆ ಹಾಕಲು ಬರುವುದಿಲ್ಲ, ಬೇಕಾದರೆ ಕೇಳಿ ನೋಡಿ. ಪರೀಕ್ಷೆಗೆ ತೋರಿಸುವ ಕರವಸ್ತ್ರಗಳನ್ನೆಲ್ಲ ನಾನು ಊರಿನ ದರ್ಜಿಯಿಂದ ಹೊಲಿಸಿ ತರುತ್ತಿದ್ದೆ. ಬೆಳಗಿನ ಪ್ರಾರ್ಥನೆಗೆ ಸೊಸೆ ಹಾರ್ಮೋನಿಯಂ ಹಿಡಿದು ನಿಲ್ಲುತ್ತಿದ್ದಳು. ಹುಡುಗಿಯರು ಬಾಯಿ ತೆರೆಯದೆ ಹೊಲಿಗೆ ಕೋಣೆಯ ಕಿಟಕಿಯ ಕಡೆ ನೋಡುತ್ತಿದ್ದರು. ಅಲ್ಲಿಂದ ಮೊದಲ ಸಾಲು ಜಾರಿ ಬಂದ ಮೇಲೆಯೇ ಹಾಡು. ಮೊದಮೊದಲು ಸೊಸೆಗೆ ಅವಮಾನವಾಯಿತು. ಆಮೇಲಾಮೇಲೆ ಅವಳೇ ಒಳಗೆ ಹೋಗಿ, ಕಿಟಕಿ ಪೂರ್ತಿ ತೆಗೀಲಾ ಅಕ್ಕ ಎಂದು ಕೇಳುತ್ತಿದ್ದಳಂತೆ.

ನಾನು ಮದುವೆಯಾಗಿ ಕಡೂರಿನ ಬೇರೊಂದು ಶಾಲೆಗೆ ಬಂದೆ. ಅಕ್ಕ ನಿವೃತ್ತರಾಗಿ ಅಜ್ಜಂಪುರಕ್ಕೆ ಹೋದರು. ಮೊದಲು ಆಗಾಗ ಹೋಗುತ್ತಿದ್ದೆ, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ… ಅವರು ಹೋದದ್ದು ನನಗೆ ಗೊತ್ತಾಗುವ ಹೊತ್ತಿಗೆ ಕಾರ್ಯವೆಲ್ಲ ಮುಗಿದಿತ್ತು. ಹೋದ ತಿಂಗಳು ಅವರ ಅಣ್ಣನ ಮಗ ನಮ್ಮ ಮನೆಗೆ ಬಂದ, ಬೆಡ್‌ಶೀಟಿನಲ್ಲಿ ಸುತ್ತಿದ ಮಣೆ, ಡಬ್ಬ, ಕುಟ್ಟಾಣಿಯ ಕೋಲು ಹೊತ್ತು. ಹಳೇ ಮನೆ ಕೆಡವುತ್ತಿದ್ದಾರಂತೆ. ತೂತು ಬಿದ್ದ ಹಸೆಮಣೆಯನ್ನು ಇಟ್ಟುಕೊಳ್ಳುವ ಹಾಗೂ ಇಲ್ಲ, ಹಸೆಮಣೆ ಅಂದಮೇಲೆ ಒಲೆಗೆ ಹಾಕುವ ಹಾಗೂ ಇಲ್ಲ. ಅತ್ತೆ ನಿಮ್ಮ ಹೆಸರು ಹೇಳುತ್ತಿದ್ದರು ಎಂದ. ಹೇಗೆ ಹೇಳುತ್ತಿದ್ದರು ಎಂದು ಕೇಳಿದೆ. ಪಿಸುಮಾತಿನಲ್ಲೇ ಎಂದು ಅವನು ಅಂದ, ಪಾಪ, ಇನ್ನೇನು ಹೇಳಿಯಾನು.

ಅದಕ್ಕೇ ಮೊನ್ನೆ ಆ ಅಂಗಡಿಗೆ ಹೋಗಿದ್ದು. ಅಂಗಡಿಯವನು ಡಬ್ಬದ ಒಳಗೆ ಟಾರ್ಚು ಬಿಟ್ಟು ನೋಡಿ, ಇದು ಈಗ ಸಿಗಲ್ಲ ಆಂಟಿ, ಬಿಸಾಕಿ, ಇದರ ಹತ್ತರಷ್ಟು ಸದ್ದು ಮಾಡುವ ಸ್ಪೀಕರು ಕೈಯಷ್ಟು ಸಣ್ಣದು ಬಂದಿದೆ ಎಂದ. ಬಿಸಾಕುವುದಿಲ್ಲ, ಮಾಡಿಕೊಡಪ್ಪ ಅಂದೆ. ಬಿಟ್ಟುಹೋದ ಎರಡು ಕಡೆ ಬೆಸುಗೆ ಹಾಕಿದ, ಊದಿಕೊಂಡ ಒಂದು ಬಿಡಿಭಾಗ ಬದಲಿಸಿದ, ತನ್ನ ಬ್ಯಾಟರಿಗೆ ಸೇರಿಸಿದ. ಡಬ್ಬ ಕೊರ್ ಎಂದಿತು. ನಾನು ಕಿವಿಗೊಟ್ಟು ಕೂತೆ. ಭದ್ರಾವತಿಯವನು ಬರಲಿಲ್ಲ. ಬರೀ ಗುಂಯ್ ಎನ್ನುವ ಸದ್ದು.

ಬೆಡ್‌ಶೀಟು ಸರಿಸಿ ತಂತಿಗಳ ಮೇಲೆ ಅಂಗೈ ಇಟ್ಟೆ. ಗುಂಯ್ ನಿಂತಿತು. ಈ ಮೌನದ ಆಚೆಯೇ ಅಕ್ಕ ಶುರುಮಾಡುತ್ತಿದ್ದದ್ದು. ನಾನು ಕಾದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನಿಜವಾಗಿಯೂ ಕಾದೆ. ಏನೂ ಶುರುವಾಗಲಿಲ್ಲ. ಅವರು ಇಲ್ಲ ಎನ್ನುವುದು ಆಗ ತಿಳಿಯಿತು ನನಗೆ, ಅಷ್ಟು ದಿನ ಗೊತ್ತಿತ್ತು ಅಷ್ಟೆ.

ಅಂಗಡಿಯವನು, ಆಯ್ತಲ್ಲ ಆಂಟಿ, ಆಫ್ ಮಾಡ್ಲಾ ಅಂದ. ಮಾಡಬೇಡ ಅಂದೆ. ನನಗೆ ಸಂಗೀತ ಬರುವುದಿಲ್ಲ, ಯಾವತ್ತೂ ಬರಲಿಲ್ಲ. ಚೀಲದಿಂದ ಕುಟ್ಟಾಣಿಯ ಕೋಲು ತೆಗೆದು, ಶ್ರುತಿ ಇಲ್ಲದ ಆ ತಂತಿಯ ಮೇಲೆ ಕೆಳಗಿನಿಂದ ಮೇಲಕ್ಕೆ ಜಾರಿಸಿದೆ. ಬೆಕ್ಕಿನ ಬಾಲ ತುಳಿದಂಥ ಸದ್ದು ಬೀದಿಯವರೆಗೂ ಹೋಯಿತು. ಬಸ್ಸಿಗೆ ಕಾದಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ ಎಂದು ಇನ್ನೊಂದು ಸಲ ಎತ್ತಿಕೊಟ್ಟೆ.